ಲೈನ್ ತೆಗೆದವನು

"ಯಾರ್ರಿ ಲೈನ್ ತಗದವ್ರು?"

ಮೊಣಕೈವರೆಗೂ ಜೋಳದ ಹಿಟ್ಟು ಮೆತ್ತಿಕೊಂಡೇ ಮಹಾನಂದಾ ಗಿರಣಿಯಿಂದ ಹೊರಗೆ ಬಂದಳು. ಸಿಟ್ಟು ಅವಳಿಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತಿತ್ತು.

ಎದುರಿನ ಕಂಬದ ಮೇಲಿಂದ ಉತ್ತರ ಬಂತು. "ನಾನ ತಗದೇನ್ರಿ."

ಸೊಂಟಕ್ಕೆ ಬೆಲ್ಟು ಬಿಗಿದುಕೊಂಡು, ಕೈಯಲ್ಲಿ ಇಕ್ಕಳ ಹಿಡಿದ ಹೊಸ ಮುಖ. ಕೆಳಗೆ ನೋಡುವ ಸೌಜನ್ಯವೂ ಇಲ್ಲ.

"ಇವತ್ತ ಸಂತಿ ಐತಿ, ಗೊತ್ತೈತೇನ್ರಿ? ಇಪ್ಪತ್ತೆರಡು ಡಬ್ಬಿ ಲೈನ್ ಹಚ್ಯಾವ. ಗಿರಣಿ ಬಾಯಾಗ ಅರ್ಧ ಡಬ್ಬಿ ಜ್ವಾಳ ಸಿಕ್ಕೊಂಡೈತಿ."

"ಎರಡು ತಾಸು ಆಗತೈತ್ರಿ. ಡಬ್ಬಿಗೇನು ಜೀವ ಇಲ್ಲ, ಕಾಯತಾವ. ಮ್ಯಾಲ ಹತ್ತಿದವಂಗ ಜೀವ ಐತಿ."

ಯರಗಟ್ಟಿಯಲ್ಲಿ ಅಕ್ಷರ ಬಾರದ ಅಜ್ಜಿಯರಿಗೂ ಈ ಒಂದು ಇಂಗ್ಲಿಷ್ ಶಬ್ದ ಬರುತ್ತದೆ. ಕರೆಂಟು ಹೋದರೆ ಲೈನ್ ಹೋಯಿತು. ರೇಷನ್ ಅಂಗಡಿಯ ಮುಂದೆ ನಿಂತರೆ ಅದೂ ಲೈನ್. ಫೋನಿನಲ್ಲಿ ಮಗಳ ದನಿ ಕಡಿದರೆ ಲೈನ್ ಸರಿಯಿಲ್ಲ. ಮೊಮ್ಮಗ ಕೆಟ್ಟರೆ ಅವನನ್ನು ಲೈನಿಗೆ ತರಬೇಕು. ಅದಕ್ಕೂ ಮೊದಲು ಅವನು ಯಾವ ಹುಡುಗಿಗೆ ಲೈನ್ ಹೊಡೆಯುತ್ತಿದ್ದಾನೆಂದು ಪತ್ತೆ ಹಚ್ಚಬೇಕು.

ಡಬ್ಬಿ ಇಟ್ಟುಕೊಂಡು ಕಟ್ಟೆಯ ಮೇಲೆ ಕುಳಿತಿದ್ದ ಇಂದ್ರವ್ವ ಸುಮ್ಮನಿರುತ್ತಾಳೆಯೇ?

"ಮಹಾನಂದಾ, ಈ ಲೈನ್‌ಮನ್ ನಿನಗ ಲೈನ್ ಹೊಡ್ಯಾಕ ಬಂದಂಗ ಕಾಣತೈತಿ ನೋಡ."

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. ಮಹಾನಂದಾ ಕಂಬದತ್ತ ಒಮ್ಮೆ ಕೆಕ್ಕರಿಸಿ ನೋಡಿ ಒಳಗೆ ಹೋದಳು.

ಅವನ ಹೆಸರು ಭೀಮಶಿ. ಮುಂದಿನ ಸಂತೆಗೂ ಅವನು ಲೈನ್ ತೆಗೆದ. ಅದರ ಮುಂದಿನ ಸಂತೆಗೂ ತೆಗೆದ. ಕಾದು ಸಾಕಾದ ಗಿರಾಕಿಗಳು ಒಬ್ಬೊಬ್ಬರಾಗಿ ಡಬ್ಬಿ ಎತ್ತಿಕೊಂಡು, ಕರೆಂಟು ಇದ್ದ ಕೆಳಗಿನ ಓಣಿಯ ಗಿರಣಿಗೆ ನಡೆದರು. ತಾಯಿ ಮಗಳು ಇಬ್ಬರ ಬದುಕಿಗೂ ಇದ್ದದ್ದು ಈ ಗಿರಣಿ ಒಂದೇ. ಹೊಟ್ಟೆ ಉರಿಯದೆ ಇನ್ನೇನಾದೀತು?

"ಸಂತಿ ದಿನಾನ ಯಾಕ ಅಂತ ಒಮ್ಮೆ ಅವನ್ನ ಕೇಳವಾ," ಎಂದಳು ತಾಯಿ ಗುರುಬಸವ್ವ.

"ಕೇಳೂದೇನೈತಿ? ಕೆಳಗಿನ ಗಿರಣಿಯವರು ಅವನ ಕೈ ಬೆಚ್ಚಗ ಮಾಡ್ಯಾರ."

ಕೇಳಲೇ ಇಲ್ಲ ಅವಳು. ಬದಲಿಗೆ ಮುನವಳ್ಳಿಯಿಂದ ಒಂದು ಹಳೆಯ ಜನರೇಟರ್ ತಂದು ಗಿರಣಿಯ ಹಿಂದೆ ಕೂಡಿಸಿದಳು. ಸುದ್ದಿ ತಿಳಿದು ಭೀಮಶಿ ಮರುದಿನವೇ ಬಾಗಿಲಿಗೆ ಬಂದ.

"ಚೇಂಜೋವರ್ ಸ್ವಿಚ್ ಹಾಕಿಸೀರೇನ್ರಿ?"

"ಯಾಕ? ಅದಕ್ಕೂ ನಿಮ್ಮ ಪರವಾನಗಿ ಬೇಕೇನು?"

"ಅದಿಲ್ಲಂದ್ರ ನಿಮ್ಮ ಜನರೇಟರ್ ಕರೆಂಟ್ ಉಲ್ಟಾ ಹೊರಗಿನ ತಂತಿಗೆ ಬರತೈತಿ. ಲೈನ್ ಬಂದ್ ಐತಿ ಅಂತ ನಾವು ಅದ ತಂತಿ ಹಿಡದಿರತೇವಿ."

"ಮೇನ್ ಇಳಸಿ ಚಾಲೂ ಮಾಡತೇನಿ. ಅಷ್ಟ ಬುದ್ಧಿ ನನಗೂ ಐತಿ. ಹೊರಗಿನ ಲೈನ್ ನೀವು ನೋಡ್ಕೋರಿ, ಮನಿ ಒಳಗಿಂದು ನಾ ನೋಡ್ಕೋತೇನಿ."

"ಒಂದ್ ದಿನ ಮರತ್ರ?"

"ನಾ ಮರಿಯಾಕಿ ಅಲ್ಲ."

ಅವನು ಗೋಡೆಯ ಮೇನ್ ಸ್ವಿಚ್ಚನ್ನೊಮ್ಮೆ ನೋಡಿ ತಿರುಗಿ ಹೋದ. 'ಜನರೇಟರ್ ಬಂತಂದ್ರ ಇವನ ಆಟ ನಡಿಯಂಗಿಲ್ಲ, ಅದಕ್ಕ ಹೆದರಸಾಕ ಬಂದಿದ್ದ...' ಎಂದುಕೊಂಡಳು ಮಹಾನಂದಾ.

ನಾಲ್ಕನೆಯ ಸಂತೆ. ಹನ್ನೊಂದು ಗಂಟೆಗೆ ಸರಿಯಾಗಿ ಲೈನ್ ಹೋಯಿತು. ಡಬ್ಬಿಗಳ ಸಾಲು ಕಟ್ಟೆ ದಾಟಿ ರಸ್ತೆಗೆ ಬಂದಿತ್ತು. "ನಾ ಬ್ಯಾರೆ ಕಡೆ ಹೊಕ್ಕೇನವಾ" ಎಂದು ಇಂದ್ರವ್ವನೇ ಎದ್ದು ನಿಂತದ್ದನ್ನು ಕಂಡು ಮಹಾನಂದಾಳ ತಲೆ ಕೆಟ್ಟುಹೋಯಿತು. ಹಿಂದಕ್ಕೆ ಓಡಿದಳು, ಜನರೇಟರಿನ ಹಗ್ಗ ಎಳೆದಳು. ಗಿರಣಿ ಗುರ್ರೆಂದಿತು.

ಅದೇ ಕ್ಷಣ ಹೊರಗೆ ಯಾರೋ ಚೀರಿದರು.

"ಅಯ್ಯೋ, ಲೈನ್‌ಮನ್..."

ಮಹಾನಂದಾಳ ಕಣ್ಣು ಗೋಡೆಯತ್ತ ಹೋಯಿತು. ಮೇನ್ ಸ್ವಿಚ್ ಮೇಲೆಯೇ ಇತ್ತು!

ಅವಳು ಜನರೇಟರ್ ಆರಿಸಿ ಹೊರಗೆ ಓಡಿ ಬಂದಾಗ ಭೀಮಶಿ ಬೆಲ್ಟಿಗೆ ಜೋತುಬಿದ್ದು ಕಂಬಕ್ಕೆ ತಲೆಯಾನಿಸಿದ್ದ. ನಾಲ್ಕು ಜನ ಏಣಿ ಹಚ್ಚಿ ಇಳಿಸಿದರು. ಬಲಗೈಯ ಅಂಗೈ ಕಪ್ಪಾಗಿತ್ತು. ಉಸಿರಾಡುತ್ತಿದ್ದ.

ದವಾಖಾನೆಯ ಮಂಚದ ಪಕ್ಕ ಕರೆಂಟ್ ಆಫೀಸಿನ ಸಾಹೇಬರು ನಿಂತಿದ್ದರು. ಮಹಾನಂದಾ ಬಾಗಿಲಲ್ಲೇ ನಿಂತಳು, ಒಳಗೆ ಕಾಲಿಡುವ ಧೈರ್ಯ ಬರಲಿಲ್ಲ.

"ಬಂದ್ ಮಾಡಿದ ಲೈನಿಗೆ ಕರೆಂಟ್ ಎಲ್ಲಿಂದ ಬಂತೋ?"

"ನಂದ ತಪ್ರಿ ಸಾಹೇಬ್ರ," ಎಂದ ಭೀಮಶಿ. "ತಂತ್ಯಾಗಿನ ಕರೆಂಟ್ ನೆಲಕ್ಕ ಇಳಸೂ ಅರ್ತಿಂಗ್ ರಾಡ್ ಹಾಕದ ಹತ್ತಿದ್ಯಾ."

"ಹಂಗಂತ ಬರಕೊಡು. ನೌಕರಿ ಉಳಿಯೂದು ಕಠಿಣ ಐತಿ ನೋಡ."

"ಕೊಡತೇನ್ರಿ."

ಜನರೇಟರಿನ ಹೆಸರನ್ನೇ ಅವನು ಎತ್ತಲಿಲ್ಲ. ಮಹಾನಂದಾ ಬಾಗಿಲ ಚೌಕಟ್ಟು ಹಿಡಿದುಕೊಂಡಳು. 'ಸುಮ್ನಿದ್ರ ಗಿರಣಿ ಉಳೀತೈತಿ... ಅವ್ವನ ಅನ್ನ ಉಳೀತೈತಿ... ಆದರ ಇವನ ಅನ್ನ?' ಆಡಿದ ಒಂದೊಂದು ಮಾತೂ ನೆನಪಾಗಿ, ತನ್ನ ಮೇಲೆ ತನಗೇ ಹೇಸಿಗೆಯಾಯಿತು.

ಒಳಗೆ ಬಂದಳು.

"ಸಾಹೇಬ್ರ, ಕರೆಂಟ್ ಬಂದಿದ್ದು ನಮ್ಮ ಜನರೇಟರಿಂದ. ಇವರು ಮೊದಲ ಹೇಳಿದ್ರು, ನಾ ಸ್ವಿಚ್ ಹಾಕಿಸಲಿಲ್ಲ. ಇವತ್ತ ಮೇನ್ ಇಳಸೂದೂ ಮರತ್ಯಾ."

ಸಾಹೇಬರು ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಗಿರಣಿ ಕನೆಕ್ಷನ್ ಕಟ್ ಆಗತೈತಿ, ತಿಳೀತಿಲ್ಲೋ? ದಂಡಾನೂ ಬೀಳತೈತಿ."

"ಕಟ್ ಮಾಡ್ರಿ. ಇವರ ನೌಕರಿ ಕಳೀಬ್ಯಾಡ್ರಿ."

"ರಾಡ್ ಹಾಕದ ಹತ್ತಿದ್ದಕ್ಕ ಇವಂಗ ನೋಟಿಸ್ ತಪ್ಪಂಗಿಲ್ಲ. ಉಳಿದದ್ದು ನೋಡೂಣು," ಎಂದು ಸಾಹೇಬರು ಹೊರಟರು.

ಕೋಣೆಯಲ್ಲಿ ಇಬ್ಬರೇ ಉಳಿದರು. ಮಹಾನಂದಾ ಜಗಳಕ್ಕೆ ನಿಂತವಳ ಹಾಗೆಯೇ ಕೇಳಿದಳು.

"ಯಾಕ ಸುಳ್ಳ ಹೇಳಿದ್ರಿ?"

"ಸುಳ್ಳ ಎಲ್ಲಿ ಹೇಳೇನ್ರಿ? ರಾಡ್ ಆಫೀಸಿನ್ಯಾಗ ಉಳದಿತ್ತು. ತರಾಕ ಹೋದ್ರ ಅರ್ಧ ತಾಸು ಹೊಕ್ಕಿತ್ತು. ನಿಮ್ಮ ಬಾಗಲಾಗ ಡಬ್ಬಿ ರಸ್ತಾಕ್ಕ ಬಂದಿದ್ವು..."

ಅವಳು ಮಂಚದ ಪಕ್ಕ ಕುಳಿತಳು.

"ಸಂತಿ ದಿನ ಊರ ತುಂಬ ಲೋಡ್ ಏರತೈತಿ," ಅವನು ಮೆಲ್ಲಗೆ ಹೇಳಿದ. "ಆ ಕಂಬದ ಹಳೇ ಜೋಡಣಿ ಅವತ್ತ ಸುಡತೈತಿ. ಹೊಸದು ಬೇಕಂತ ಮೂರು ಸಲ ಅರ್ಜಿ ಬರದೇನಿ. ನೀವು ಕೇಳಿದ್ರ ಹೇಳತಿದ್ಯಾ."

"ನೀವ ಹೇಳಬಹುದಿತ್ತಲ್ಲ?"

"ಹೇಳಿದ್ರ ನೀವು ಬೈಯಾಕ ಹೊರಗ ಬರತಿರಲಿಲ್ಲ. ನಾ ಕಂಬದ ಮ್ಯಾಲ ನಿಂತು ಅದನ್ನ ಕಾಯತಿದ್ಯಾ."

ಮಹಾನಂದಾಳ ಕಣ್ಣು ತುಂಬಿ ಹರಿಯಿತು. ಇಷ್ಟು ದಿನ ದ್ವೇಷವೆಂದು ಎದೆಯಲ್ಲಿ ಹೊತ್ತು ತಿರುಗಿದ್ದು ಬೇರೆಯೇ ಎಂದು ಈಗ ತಿಳಿಯಿತು. ಅವನ ಪಟ್ಟಿ ಕಟ್ಟಿದ ಕೈಯನ್ನು, ನೋಯದ ಹಾಗೆ, ತನ್ನ ಎರಡೂ ಕೈಯಲ್ಲಿ ತೆಗೆದುಕೊಂಡಳು.

"ಸ್ವಿಚ್ ಹಾಕಸ್ರಿ, ದಂಡ ಕಟ್ರಿ," ಎಂದ ಭೀಮಶಿ. "ಬ್ಯಾರೆ ಲೈನ್‌ಮನ್ ಬಂದು ಎಂಟು ದಿನದಾಗ ಕನೆಕ್ಷನ್ ಕೊಡತಾನ."

"ಈ ಕೈ ಮಾಯಾಕ ಎಷ್ಟ ದಿನ ಬೇಕಂತ?"

"ತಿಂಗಳಾ ಅಂದಾರ ಡಾಕ್ಟರು."

"ಹಂಗಾದ್ರ ತಿಂಗಳಾ ಗಿರಣಿ ಬಂದ್ ಇರಲಿ," ಎಂದಳು ಮಹಾನಂದಾ. "ಬ್ಯಾರೆಯವರನ್ನ ನಾ ಕಂಬಾ ಹತ್ತಗೊಡಂಗಿಲ್ಲ."