ಹೊಸಹೊಳಲಿಗೆ ಹೋದ ಆರು ಈಳಿಗೆಮಣೆ

"ಇಲ್ಲಿ ಯೋಗೇಶ್ ಅಂದ್ರೆ ಯಾರು?"

ಹೊಸಹೊಳಲಿನ ಆ ಅಡುಗೆ ಶೆಡ್ಡಿನಲ್ಲಿ ಈರುಳ್ಳಿ ಸುಲಿಯುತ್ತಿದ್ದ ಹೆಂಗಸರೆಲ್ಲ ಒಮ್ಮೆಲೇ ತಲೆಯೆತ್ತಿದರು. ಬಾಗಿಲಲ್ಲಿ ನಿಂತಿದ್ದವಳ ಹೆಗಲಲ್ಲಿ ಒಂದು ಚೀಲ, ಚೀಲದೊಳಗೆ ಒಂದು ಸೋರೆಕಾಯಿ, ಮುಖದ ತುಂಬ ಕೋಪ. ಪಾಂಡವಪುರದಿಂದ ಕಿಕ್ಕಿರಿದ ಬಸ್ಸಿನಲ್ಲಿ ನಿಂತೇ ಬಂದಿದ್ದಳು. ಸೀಟು ಸಿಕ್ಕಿದ್ದರೆ ಆ ಕೋಪ ಒಂದಿಷ್ಟು ಇಳಿಯುತ್ತಿತ್ತೋ ಏನೋ!

ಸಾರಿನ ಕೊಳಗದ ಮುಂದೆ ನಿಂತು ಉಪ್ಪು ನೋಡುತ್ತಿದ್ದವನು ಸೌಟು ಕೆಳಗಿಟ್ಟ.

"ನಾನೇ. ಮದ್ವೆ ಆರ್ಡರ್ರಾ?"

"ಆರ್ಡರ್ ಕೊಡೋಕೆ ಬಂದಿಲ್ಲ. ಶುದ್ಧ ವಂಚನೆ ಅಂತ ಆ್ಯಪ್‌ನಲ್ಲಿ ಬರ್ದಿದ್ದೀರಲ್ಲ... ಆ ವಂಚಕಿ ನಾನೇ. ಭೂಮಿಕ."

ಯೋಗೇಶನ ಹುಬ್ಬು ಗಂಟಾಯಿತು. "ಓ... ಆ ಮೊಂಡು ಈಳಿಗೆಮಣೆ ನಿಮ್ದಾ?"

'ಮೊಂಡು' ಎಂಬ ಮಾತು ಕಿವಿಗೆ ಬಿದ್ದದ್ದೇ ಭೂಮಿಕಳ ಮೈ ಉರಿದುಹೋಯಿತು.

ಉರಿಯದೆ ಏನು? ಆ ಈಳಿಗೆಗಳನ್ನು ಬಡಿದವನು ಅವಳಪ್ಪ ವೆಂಕಟೇಶ. ಪಾಂಡವಪುರದಲ್ಲಿ ಇನ್ನೂ ಕುಲುಮೆ ಹೊತ್ತಿಸುವ ಕಮ್ಮಾರ. ಕೊಳ್ಳುವವರು ಕಡಿಮೆಯಾಗಿ ಕುಲುಮೆಗೆ ಬೀಗ ಬೀಳುವ ಹೊತ್ತಿಗೆ ಮಗಳು ಮೊಬೈಲಿನಲ್ಲೊಂದು ಅಂಗಡಿ ತೆರೆದಿದ್ದಳು. ಅದರಿಂದಲೇ ಅಪ್ಪನ ಸುತ್ತಿಗೆಗೆ ಮತ್ತೆ ಕೆಲಸ ಬಂದಿತ್ತು. ಆದರೆ 'ಫೋಟೋದಲ್ಲಿ ತೋರಿಸಿದಂತೆ ಇಲ್ಲ' ಎಂಬ ದೂರು ಆಗಲೇ ಕೆಲವು ಬಂದಿದ್ದವು. ಈ ದೂರೂ ನಿಜವೆಂದಾದರೆ ಅಂಗಡಿ ಮುಚ್ಚುತ್ತೇವೆ, ವಾರದೊಳಗೆ ಉತ್ತರ ಕೊಡಿ ಎಂದು ಆ್ಯಪ್‌ನವರು ಬೆಳಗ್ಗೆಯಷ್ಟೇ ತಿಳಿಸಿದ್ದರು. ಭೂಮಿಕ ಬಸ್ಸು ಹತ್ತುವ ಮೊದಲೇ ಉತ್ತರ ಒತ್ತಿ ಕಳಿಸಿದ್ದಳು: 'ಕೊಂಡವರೇ ಬಳಸಿ ಮೊಂಡು ಮಾಡಿ, ನಮ್ಮ ಮೇಲೆ ಹಾಕುತ್ತಿದ್ದಾರೆ.'

ಕಣ್ಣಾರೆ ನೋಡದೆ ಬರೆದ ಮಾತದು. ಕೋಪ ಬಂದವರ ಕೈಗೆ ಮೊಬೈಲ್ ಇರಬಾರದು.

"ತನ್ನಿ ಇಲ್ಲಿ. ನಿಮಗೆ ಹೆಚ್ಚೋಕೆ ಬರಲ್ಲ ಅಂದ್ರೆ ಕಬ್ಬಿಣ ಏನು ಮಾಡುತ್ತೆ? ನಾನು ಹೆಚ್ಚಿ ತೋರಿಸ್ತೀನಿ."

ಯೋಗೇಶ ಮೂಲೆಯಲ್ಲಿ ಪೇರಿಸಿಟ್ಟಿದ್ದ ಆರು ಈಳಿಗೆಮಣೆಗಳಲ್ಲಿ ಒಂದನ್ನು ತಂದು ಅವಳ ಮುಂದಿಟ್ಟ. ಭೂಮಿಕ ಮಣೆಯ ಮೇಲೆ ಕಾಲಿಟ್ಟು ಕುಳಿತು, ಸೋರೆಕಾಯಿಯನ್ನು ಅಲಗಿಗೆ ಒತ್ತಿದಳು. ಸಿಪ್ಪೆ ತರಚಿತು, ಅಷ್ಟೇ. ಇನ್ನೂ ಬಲವಾಗಿ ಒತ್ತಿದಳು. ಕಾಯಿ ಜಾರಿತು.

"ಅಯ್ಯೋ... ಇದಿನ್ನೂ ಬಾಯೇ ಬಿಡಿಸಿಲ್ಲ!"

"ಏನು ಬಿಡಿಸಿಲ್ಲ?"

"ಸಾಣೆ ಹಿಡ್ದಿಲ್ಲ ಕಣ್ರೀ. ಈಳಿಗೆ ಮನೆಗೆ ಬಂದ್ಮೇಲೆ ಬಾಯಿ ಬಿಡಿಸ್ಕೋಬೇಕು. ಇಷ್ಟೂ ಗೊತ್ತಿಲ್ದೆ ಅಡುಗೆ ಕಂಟ್ರಾಕ್ಟು ಮಾಡ್ತೀರಾ?"

ವೆಂಕಟೇಶನ ಕುಲುಮೆಯ ಪದ್ಧತಿಯೇ ಹಾಗಿತ್ತು. ಬಡಿಯುವುದು, ಹದ ಕೊಡುವುದು, ಮಣೆಗೆ ಕೂರಿಸುವುದು ಎಲ್ಲ ಕುಲುಮೆಯಲ್ಲಿ. ಹರಿತ ಮಾಡುವುದು ಮಾತ್ರ ಕೊಂಡವರ ಹೊಸ್ತಿಲಲ್ಲಿ. ಹರಿತವಾದದ್ದನ್ನು ಕೈಯಿಂದ ಕೈಗೆ ಕೊಟ್ಟರೆ ಎರಡು ಮನೆಗೂ ಜಗಳ ಎಂದು ಅವನ ತಾತನ ಕಾಲದಿಂದ ನಂಬಿಕೆ. ವೆಂಕಟೇಶನೇ ಸಾಣೆಕಲ್ಲು ಹೊತ್ತು ಮನೆಮನೆಗೆ ಹೋಗಿ, ಅಲ್ಲೇ ಕುಳಿತು ಬಾಯಿ ಬಿಡಿಸಿ, ಒಂದು ಲೋಟ ಮಜ್ಜಿಗೆ ಕುಡಿದು ಬರುತ್ತಿದ್ದ. ಸುತ್ತಲ ಊರಿನವರಿಗೆಲ್ಲ ಇದು ಗೊತ್ತು. ಪಾರ್ಸಲ್ ತೆರೆದವರಿಗೆ ಗೊತ್ತಿಲ್ಲ. ಗೊತ್ತಿರಲಾರದು ಎಂಬುದು ಭೂಮಿಕಳಿಗೂ ಹೊಳೆದಿರಲಿಲ್ಲ.

ಯೋಗೇಶ ಮೊಬೈಲ್ ತೆಗೆದು ಅವಳ ಕಣ್ಣೆದುರು ಹಿಡಿದ. "ಹಂಗಾದ್ರೆ ಈ ಫೋಟೋ ಏನು? ಸೋರೆಕಾಯಿನ ಹಪ್ಪಳದಂಗೆ ತೆಳ್ಳಗೆ ಹೆಚ್ಚಿದ್ದೀರಲ್ಲ, ಇದು ಯಾವ ಈಳಿಗೇಲಿ?"

ಭೂಮಿಕ ಫೋಟೋ ನೋಡಿದಳು. ಅದು ಅವರ ಮನೆಯ ಈಳಿಗೆ. ಅಮ್ಮ ವರ್ಷಗಟ್ಟಲೆ ಬಳಸುತ್ತಿದ್ದ, ಮುಟ್ಟಿದರೆ ಕುಯ್ಯುವಂಥ ಈಳಿಗೆ.

'ದೇವರೇ... ಇವನು ಹೇಳಿದ್ದು ನಿಜ. ಫೋಟೋದಲ್ಲಿ ಒಂದು, ಕಳಿಸಿದ್ದು ಇನ್ನೊಂದು!'

ಹಾಗೆಂದು ಒಪ್ಪಿಕೊಳ್ಳುವುದುಂಟೇ? "ಅದೆಲ್ಲಾ ಆಮೇಲೆ. ಮೊದ್ಲು ವಂಚನೆ ಅಂದಿದ್ದನ್ನ ವಾಪಸ್ ತಗೊಳ್ಳಿ. ಆ ಅಲಗಿನ ಮೇಲೆ ನಮ್ಮಪ್ಪನ ಮುದ್ರೆ ಐತೆ. ನಮ್ಮಪ್ಪ ಯಾರಿಗೂ ಮೋಸ ಮಾಡಿಲ್ಲ."

"ಗಂಜಾಂನ ಛತ್ರದಲ್ಲಿ ಮದ್ವೆ ಊಟ," ಯೋಗೇಶನ ದನಿ ತಗ್ಗಿತು, ಕೋಪ ಮಾತ್ರ ತಗ್ಗಲಿಲ್ಲ. "ಹಿಂದಿನ ಸಂಜೆ ಪಾರ್ಸಲ್ ಬಂತು. ಬಿಚ್ಚದೆ ಹಂಗೇ ಗಾಡಿಗೆ ಹಾಕಿದ್ದು ನನ್ ತಪ್ಪು, ಒಪ್ತೀನಿ. ಬೆಳಗ್ಗೆ ನೋಡಿದ್ರೆ ಒಂದೂ ಹೆಚ್ಚಲ್ಲ. ಪಲ್ಯ ಇಲ್ದೆ ಮೊದಲ ಪಂಕ್ತಿ ಎದ್ದೋಯ್ತು. ಹೆಣ್ಣಿನ ಕಡೆಯೋರು ಎಲ್ಲಾರ ಮುಂದೆ ಉಗುದ್ರು. ಅದನ್ನೂ ನುಂಗ್ಕೊಂಡೆ. ಆದ್ರೆ..."

ಅವನು ಮುಗಿಸಲಿಲ್ಲ. ಒಳಗಿನಿಂದ ಒಬ್ಬ ಮುದುಕಿ ಬಂದರು. ಬಲಗೈಗೆ ಬೆರಳಿನ ತುದಿಯವರೆಗೂ ಬ್ಯಾಂಡೇಜು.

"ಯಾರ್ಲಾ ಅದು, ಬಿಸ್ಲಲ್ಲಿ ಬಂದ ಮಗೀನ ನಿಲ್ಲಿಸ್ಕೊಂಡು ಕೂಗಾಡ್ತಿದ್ದೀಯ?"

ಯೋಗೇಶನ ಅಜ್ಜಿ ದೊಡ್ಡತಾಯಮ್ಮ. ಮೊಂಡು ಅಲಗಿನ ಮೇಲೆ ಬಲ ಹಾಕಿ ಒತ್ತಿದಾಗ ಕಾಯಿ ಜಾರಿ, ಈಳಿಗೆಯ ತುದಿಯ ಕಾಯಿತುರಿಯುವ ಹಲ್ಲು ಅವರ ಅಂಗೈಯೊಳಕ್ಕೆ ಹೊಕ್ಕಿತ್ತು.

ಭೂಮಿಕ ಕೈಯಲ್ಲಿದ್ದ ಸೋರೆಕಾಯಿಯನ್ನು ಕೆಳಗಿಟ್ಟಳು.

"ನಮ್ಮೂರಲ್ಲೂ ಕಮ್ಮಾರ ಬಾಗ್ಲಿಗೇ ಬಂದು ಬಾಯ್ ಬುಡುಸ್ಕೊಟ್ಟು ಓಗೋನು ಕಣವ್ವ," ಎಂದರು ಅಜ್ಜಿ. "ಪಟದಲ್ಲಿ ಅಂಗೆ ಎಚ್ಚವ್ರಲ್ಲ, ಬಾಯ್ ಬುಡ್ಸೇ ಕಳ್ಸವ್ರೆ ಅನ್ಕಂಡೆ. ನಾವೂ ಆಚಾರ್ರೇ, ಅಕ್ಕಸಾಲಿಗ್ರು. ಇವನ ತಾತನ ಕಾಲ್ದಲ್ಲಿ ಚಿನ್ನ ಬುಟ್ಟು ಸೌಟು ಇಡ್ಕೊಂಡೊ. ಕೂತ್ಕೊ, ಉಂಡ್ಕೊಂಡೋಗು."

ಬೇಡವೆಂದರೂ ಬಿಡಲಿಲ್ಲ. ಊಟಕ್ಕೆ ಕುಳಿತಾಗ ಭೂಮಿಕ ನೋಡಿದಳು. ಈಗಷ್ಟೇ ಗುಡುಗುತ್ತಿದ್ದವನು ಮುದ್ದೆಯನ್ನು ಚಿಕ್ಕ ತುತ್ತು ಮಾಡಿ, ಸಾರಿನಲ್ಲಿ ಅದ್ದಿ, ಊದಿ ಊದಿ ಅಜ್ಜಿಯ ಬಾಯಿಗಿಡುತ್ತಿದ್ದ.

'ಇವನ ಮೇಲೆ ನೆಮ್ಮದಿಯಾಗಿ ಕೋಪ ಮಾಡಿಕೊಳ್ಳೋಕೂ ಬಿಡಲ್ವಲ್ಲ...' ಎಂದುಕೊಂಡು ಅವಳು ತಟ್ಟೆಯತ್ತ ಕಣ್ಣು ತಗ್ಗಿಸಿದಳು.

ಬಸ್ಸು ಚಿನಕುರಳಿ ದಾಟುವಾಗ ಯೋಗೇಶನ ಫೋನ್ ಬಂತು.

"ನಮ್ಮನೇಲಿ ಉಂಡು, ಅಜ್ಜಿ ಕೈ ನೋಡಿ, ಆಮೇಲೆ ಹಿಂಗೆ ಬರ್ದಿದ್ದೀರಲ್ಲ... ನಾವೇ ಮೊಂಡು ಮಾಡಿದ್ವಾ? ನೀವು ಹೋದಾಗ, ವಂಚನೆ ಅಂತ ಬರ್ದಿದ್ದಕ್ಕೆ ಮನ್ಸಿಗೆ ಚುಚ್ತಾ ಇತ್ತು. ಈಗ ಚುಚ್ತಾ ಇಲ್ಲ."

ಅವಳ ಉತ್ತರ ಅವನ ಮೊಬೈಲಿಗೆ ತಲುಪಿದ್ದು ಆಗ! ಬೆಳಗ್ಗೆ ಬರೆದದ್ದು ಎಂದು ಒಂದು ಮಾತು ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ಹಾಗೆ ಹೇಳಿದರೆ ಅವನ ಮುಂದೆ ಬೇಡಿಕೊಂಡಂತಾಗುತ್ತದೆ ಎನ್ನಿಸಿತು. ಅವಳಪ್ಪ ಬಡಿಯುವ ಕಬ್ಬಿಣವಾದರೂ ಕಾಯಿಸಿದರೆ ಬಗ್ಗುತ್ತದೆ, ಈ ಹುಡುಗಿ ಬಗ್ಗುವವಳಲ್ಲ.

ಮನೆಗೆ ಬಂದು ಎಲ್ಲ ಹೇಳಿದಾಗ ವೆಂಕಟೇಶ ಕುಲುಮೆಯ ಮುಂದೆಯೇ ಕುಸಿದು ಕುಳಿತ.

"ಅಂಗಾದ್ರೆ ಯಾರ ಮನೇಲೂ ಬಾಯ್ ಬುಡ್ಸಿಲ್ವಾ?"

"ಯಾರು ಬಿಡಿಸ್ತಾರಪ್ಪ? ಪಾರ್ಸಲ್ ಹುಡುಗ ಕೊಟ್ಟು ಹೋಗ್ತಾನೆ."

"ನಾನು ಅವನೇ ಬುಡುಸ್ಕೊಡ್ತಾನೆ ಅನ್ಕಂಡಿದ್ದೆ ಕಣವ್ವ. ವಾಷಿಂಗ್ ಮಿಷನ್ ತಗಂಡ್ರೆ ಕೂರಿಸ್ಕೊಡಾಕೆ ಕಂಪ್ನಿ ಆಳು ಬರಲ್ವಾ, ಅಂಗೆ ಇದ್ಕೂ ಒಬ್ಬ ಓಗ್ತಾನೆ ಅಂತ..."

ಬೇರೆ ದಿನವಾಗಿದ್ದರೆ ಭೂಮಿಕ ನಕ್ಕು ನಕ್ಕು ಸಾಯುತ್ತಿದ್ದಳು. ಅಪ್ಪನಿಗೆ ಮೊಬೈಲ್ ಗೊತ್ತಿಲ್ಲ, ಮಗಳಿಗೆ ಮೊಬೈಲಿನ ಆಚೆಯವರು ಗೊತ್ತಿಲ್ಲ. ನಡುವೆ ಒಂದು ಮುದುಕಿಯ ಕೈ ಹೋಯಿತು.

"ಆ ತಾಯಿ ಕೈಗೆ ಒಕ್ಕಿರೋದು ನನ್ ಕಬ್ಬಿಣ," ಎಂದ ವೆಂಕಟೇಶ. "ನಾಳೆ ಸಾಣೆಕಲ್ಲು ತಗೋ. ಓಗಾನ."

ಆರು ದೊಡ್ಡ ಅಲಗುಗಳಿಗೆ ಬಾಯಿ ಬಿಡಿಸುವುದು ಒಂದು ದಿನದ ಕೆಲಸವಲ್ಲ. ಅಪ್ಪ ಮಗಳು ದಿನವೂ ಬಸ್ಸು ಹತ್ತಿದರು. ವೆಂಕಟೇಶ ಹೊಸ್ತಿಲಲ್ಲಿ ಕುಳಿತು ಉಜ್ಜುವುದು, ಭೂಮಿಕ ಕಲ್ಲಿಗೆ ನೀರು ಬಿಡುವುದು, ಅಜ್ಜಿ ಎದುರಿಗೆ ಕುಳಿತು ಹಳೆಯ ಕಥೆ ಹೇಳುವುದು. ಯೋಗೇಶ ವೆಂಕಟೇಶನನ್ನು ಬಾಯ್ತುಂಬ ಮಾತಾಡಿಸುತ್ತಿದ್ದ. ಭೂಮಿಕಳ ಜೊತೆ ಮಾತ್ರ ಜಗಳ.

"ನೀರು ಚೆಲ್ಬೇಡಿ. ಜಾರಿ ಬಿದ್ರೆ ಅದೂ ನಾವೇ ಮಾಡಿದ್ದು ಅಂತ ಬರೀತೀರ."

"ಬರೀತೀನಿ. ಸಾರಿಗೆ ಉಪ್ಪು ಜಾಸ್ತಿ ಅಂತಾನೂ ಬರೀತೀನಿ."

"ಮತ್ಯಾಕೆ ಎರಡು ಸಲ ಹಾಕಿಸ್ಕೊಂಡ್ರಿ?"

"ಅಜ್ಜಿ ಬೇಜಾರು ಮಾಡ್ಕೊತಾರೆ ಅಂತ."

ಜಗಳವಾಡುತ್ತಲೇ ಅವಳ ತಟ್ಟೆಗೆ ತುಪ್ಪ ಹೆಚ್ಚು ಬೀಳುತ್ತಿತ್ತು. ಹಿಂತಿರುಗುವ ಬಸ್ಸಿನಲ್ಲಿ ನಾಳೆ ಯಾವ ಮಾತಿಗೆ ಯಾವ ಉತ್ತರ ಎಂದು ಅವಳು ಹೊಂದಿಸಿಕೊಳ್ಳುತ್ತಿದ್ದಳು. ಇದಕ್ಕೆ ಏನೆನ್ನುತ್ತಾರೆಂದು ಅವಳ ಹೊರತು ಬಸ್ಸಿನಲ್ಲಿದ್ದ ಎಲ್ಲರಿಗೂ ಗೊತ್ತಿತ್ತು!

ಕೊನೆಯ ಅಲಗು ಮುಗಿದ ದಿನ ದೊಡ್ಡತಾಯಮ್ಮ ಎಡಗೈಯಲ್ಲೇ ಒಂದು ಬದನೆಕಾಯಿ ತೆಗೆದುಕೊಂಡು ಅಲಗಿಗೆ ಮುಟ್ಟಿಸಿದರು. ಸದ್ದೇ ಇಲ್ಲದೆ ಎರಡು ಹೋಳಾಯಿತು.

"ಬಂಗಾರದಂಥ ಕೆಲ್ಸ ಕಣಪ್ಪ," ಎಂದರು. ವೆಂಕಟೇಶ ಟವೆಲಿನಿಂದ ಮುಖ ಒರೆಸಿಕೊಂಡ. ಬೆವರನ್ನೋ ಕಣ್ಣೀರನ್ನೋ ಎಂದು ಭೂಮಿಕ ಕೇಳಲಿಲ್ಲ.

ಅವಳು ಎದ್ದು ಹಿತ್ತಲಿಗೆ ಹೋದಳು. ಆ್ಯಪ್ ಕೊಟ್ಟ ಗಡುವಿನ ಕೊನೆಯ ದಿನ ಅದು. ಬರೆದದ್ದನ್ನೇ ಹಿಡಿದು ಜಗ್ಗಾಡಿದರೆ ಗೆಲ್ಲಲೂಬಹುದಿತ್ತು. ಅಂಗಡಿ ಉಳಿಯುತ್ತಿತ್ತು, ಕುಲುಮೆ ಹೊತ್ತಿಕೊಂಡಿರುತ್ತಿತ್ತು. ಅಜ್ಜಿಯ ಬ್ಯಾಂಡೇಜು ಕಣ್ಣಮುಂದೆ ಬಂತು.

'ಕೊಂಡವರದು ತಪ್ಪಿಲ್ಲ. ನಾನು ಬೇರೆ ಈಳಿಗೆಯ ಫೋಟೋ ಹಾಕಿದ್ದೆ. ನೋಡದೆ ಸುಳ್ಳು ಉತ್ತರ ಬರೆದೆ. ಬಡಿದವರದು ತಪ್ಪಿಲ್ಲ, ಮಾರಿದವಳದು.'

ಒತ್ತಿದಳು. ಸ್ವಲ್ಪ ಹೊತ್ತಿಗೆ ಅಂಗಡಿ ಮುಚ್ಚಿಹೋಯಿತು. ಅವಳು ಬಟ್ಟೆ ಒಗೆಯುವ ಕಲ್ಲಿನ ಮೇಲೆ ಕುಳಿತು ಬಿಕ್ಕಿ ಬಿಕ್ಕಿ ಅತ್ತಳು.

"ಏನ್ರೀ ಮಾಡಿದ್ದು ನೀವು?"

ಯೋಗೇಶ ಮೊಬೈಲ್ ಹಿಡಿದು ಓಡಿಬಂದಿದ್ದ. ಅವನ ಮುಖ ಕೆಂಪಾಗಿತ್ತು. "ದೂರು ವಾಪಸ್ ತಗೊಳ್ಳೋಣ ಅಂತ ಈಗ ತೆಗೆದೆ. ಅಷ್ಟ್ರಲ್ಲಿ ನೀವೇ ಒಪ್ಕೊಂಡ್ಬಿಟ್ಟಿದ್ದೀರ. ಅಂಗಡಿ ಮುಚ್ಚಿದೆ ಅಂತ ಬರ್ತಾ ಐತೆ. ನನ್ನ ಒಂದು ಮಾತು ಕೇಳಕ್ಕಾಗ್ತಿರ್ಲಿಲ್ವಾ?"

"ಕೇಳಿದ್ರೆ ಏನು ಹೇಳ್ತಿದ್ರಿ? ಉಂಡ ಮನೆಗೆ ಎರಡು ಬಗೆದೋಳು ಅಂತ ತಾನೆ? ಆ ಉತ್ತರ ಬರ್ದಿದ್ದು ನಾನು ಇಲ್ಲಿಗೆ ಬರೋಕೆ ಮುಂಚೆ. ಬೆಳಗ್ಗೆ. ನಿಮ್ಮನ್ನ ನೋಡೋಕೆ ಮುಂಚೆ..."

ಯೋಗೇಶ ಮೊಬೈಲ್ ಕೆಳಗಿಳಿಸಿದ. "ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?"

"ನೀವು ಕೇಳೋ ತರ ಕೇಳಿದ್ರಾ? ಅಂಗಡಿ ಹೋಗ್ಲಿ, ನಾನು ಕಳ್ಕೊಂಡಿದ್ದು ನನ್ ತಪ್ಪಿಗೆ. ಆದ್ರೆ ವಂಚನೆ ಅನ್ನೋದು ಇನ್ನೂ ಅಲ್ಲೇ ಐತೆ. ನಮ್ಮಪ್ಪನ ಈಳಿಗೆ ಕೆಳಗೆ. ಅಳಿಸಿ ಅದನ್ನ."

ಅವನು ಒತ್ತಿದ, ಮತ್ತೆ ಒತ್ತಿದ. "ಆಗ್ತಿಲ್ಲ. ಅಂಗಡಿ ಮುಚ್ಚಿದ್ಮೇಲೆ ಏನೂ ಬದಲಾಯ್ಸಕ್ಕಾಗಲ್ಲ ಅಂತೈತೆ."

"ಹಂಗಾದ್ರೆ ನಾನು ನಿಮ್ಮನ್ನ ಸಾಯೋವರ್ಗೂ ಕ್ಷಮಿಸಲ್ಲ."

ಅವಳು ಎದ್ದು ಹೊರಟಳು. ಅವನು ಅಡ್ಡ ನಿಂತ.

"ಕ್ಷಮಿಸ್ಬೇಡಿ. ನಿಮ್ಮಪ್ಪ ಕುಲುಮೆಯ ಬೆಂಕಿ ಆರಿಸೋದು ಬೇಡ. ಕೆ.ಆರ್. ಪೇಟೆಯಿಂದ ನಾಗಮಂಗಲದವರೆಗೂ ಅಡುಗೆಯವರೆಲ್ಲ ನನಗೆ ಗೊತ್ತು. ಒಬ್ಬೊಬ್ಬರ ಬಾಗಿಲಿಗೂ ನಾನೇ ಕರ್ಕೊಂಡು ಹೋಗ್ತೀನಿ, ವಂಚನೆ ಅಂದ ಬಾಯಲ್ಲೇ ಅವ್ರ ಕೆಲ್ಸ ಎಂಥದ್ದು ಅಂತ ಹೇಳ್ತೀನಿ. ಅದು ನಿಮ್ಮಪ್ಪನಿಗೆ." ಅವನು ಒಂದು ಹೆಜ್ಜೆ ಹತ್ತಿರ ಬಂದ. "ನಿಮಗೆ... ಅದನ್ನ ಅಳಿಸೋಕೆ ನನ್ನ ಕೈಲಾಗಲ್ಲ ಭೂಮಿಕ. ಜೀವನಪೂರ್ತಿ ಬೈಸ್ಕೊಳ್ತೀನಿ. ಇಲ್ಲೇ, ಈ ಮನೇಲೇ. ನಾಳೆಯಿಂದ ಸಾಣೆ ಕೆಲಸ ಇಲ್ಲ, ನೀವು ಬರಲ್ಲ ಅಂತ ಬೆಳಗ್ಗೆಯಿಂದ ನನಗೆ ಕೈ ಕಾಲು ಆಡ್ತಿಲ್ಲ."

'ನನಗೂ...' ಎಂದಿತು ಭೂಮಿಕಳ ಮನಸ್ಸು. ಆದರೂ ಸೆರಗಿನಿಂದ ಕಣ್ಣೊರೆಸಿಕೊಂಡು ಅವನನ್ನು ದುರುಗುಟ್ಟಿ ನೋಡಿದಳು.

"ಜೀವನಪೂರ್ತಿ ನಿಮ್ಮನ್ನ ಬೈತಾ ಕೂರೋಕೆ ನನಗೇನು ಬೇರೆ ಕೆಲ್ಸ ಇಲ್ವಾ?"

"ಇರುತ್ತೆ. ಅದನ್ನ ಮಧ್ಯೆ ಮಧ್ಯೆ ಮಾಡ್ಕೊಳ್ಳಿ."

ನಗು ಬಂದುಬಿಟ್ಟಿತು ಅವಳಿಗೆ, ಅಳುವಿನ ನಡುವೆಯೇ. ಅವನ ಕೈ ಮೆಲ್ಲಗೆ ಅವಳ ಕೈ ಹಿಡಿಯಿತು. ಅವಳು ಬಿಡಿಸಿಕೊಳ್ಳಲಿಲ್ಲ.

"ಇನ್ನೂ ಕೋಪಾನಾ?" ಎಂದ ಯೋಗೇಶ.

"ತುಂಬಾ," ಎಂದಳು ಭೂಮಿಕ, ಅವನ ಹೆಗಲಿಗೆ ಹಣೆಯಿಟ್ಟು. "ಅಪ್ಪನ ಹತ್ರ ಈಗ್ಲೇ ಬಂದು ಕೇಳಿ. ಕಡಿಮೆ ಆಗೋಕೆ ಮುಂಚೆ."