ಕತೆ ಆಟದಲ್ಲಿ ಟೈಂಪ್ಲೀಸ್ ಇಲ್ಲ

"ಬಾಗಿಲು ಧಡ್ ಅಂತ ಮುಚ್ಕೊಳ್ತು. ಒಳಗೆ ಕಗ್ಗತ್ತಲು. ಎಷ್ಟು ಕೂಗಿದ್ರೂ ಯಾರಿಗೂ ಕೇಳಲ್ಲ," ಎಂದಳು ಅಂಬುಜಾ. "ಈಗ ನಿನ್ನ ರಾಜಕುಮಾರಿ ಏನ್ಮಾಡ್ತಾಳೆ ಸೀತಾ?"

ಈ ಕತೆ ಆಟವನ್ನು ಕಂಡುಹಿಡಿದವಳು ಐದನೇ ಕ್ಲಾಸಿನ ಅಂಬುಜಾ. ಕಾಡು, ಕೋಟೆ, ರಾಕ್ಷಸ ಎಲ್ಲವನ್ನೂ ಅವಳು ಬಾಯಲ್ಲೇ ಕಟ್ಟುತ್ತಿದ್ದಳು. ಆಡುವವರು ತಮ್ಮ ರಾಜನೋ ರಾಜಕುಮಾರಿಯೋ ಏನು ಮಾಡುತ್ತಾರೆಂದು ಹೇಳಿ ನಾಲ್ಕು ಕವಡೆ ಹಾಕಬೇಕು. ಮೂರು ಬಿದ್ದರೆ ಗೆದ್ದಂತೆ. ಇಡೀ ಆರ್‌ಪಿಸಿ ಲೇಔಟಿನಲ್ಲಿ ತನ್ನಷ್ಟು ಚೆನ್ನಾಗಿ ಹೆದರಿಸುವವರು ಇಲ್ಲ ಎಂದು ಅವಳು ತನಗೆ ತಾನೇ ಸರ್ಟಿಫಿಕೇಟ್ ಕೊಟ್ಟುಕೊಂಡಿದ್ದಳು.

ಸೀತಾ ಕವಡೆ ಮುಟ್ಟಲಿಲ್ಲ. ಮುಷ್ಟಿ ಕಟ್ಟಿ ತುಟಿಗೆ ಒತ್ತಿಕೊಂಡಳು. ಲಗೋರಿಯಲ್ಲಾಗಲಿ ಕುಂಟೆಬಿಲ್ಲೆಯಲ್ಲಾಗಲಿ ಹಾಗೆ ಮಾಡಿದರೆ ಟೈಂಪ್ಲೀಸ್. ಆಟ ನಿಲ್ಲಲೇಬೇಕು.

ಆದರೆ ಅಂಬುಜಾ ಅಂಗಳದ ನೀರಿನ ಸಂಪಿನ ಮುಚ್ಚಳದತ್ತ ಬೆರಳು ತೋರಿಸಿದಳು. ಅಲ್ಲಿ ಸೀಮೆಸುಣ್ಣದಲ್ಲಿ ದಪ್ಪಗೆ ಬರೆದಿತ್ತು: ‘ಕತೆ ಆಟದಲ್ಲಿ ಟೈಂಪ್ಲೀಸ್ ಇಲ್ಲ.’ ರಾಕ್ಷಸ ಹತ್ತಿರ ಬಂದಾಗಲೆಲ್ಲ ಪಕ್ಕದ ಮನೆಯ ಪದ್ಮನಾಭ ಟೈಂಪ್ಲೀಸ್ ಎಂದು ಜಾರಿಕೊಳ್ಳುತ್ತಿದ್ದ. ಅದಕ್ಕೇ ಈ ಕಾನೂನು.

"ಮನೇಲಿ ಕರೀತಿದಾರೆ," ಎಂದು ಸೀತಾ ಎದ್ದು ಹೋದಳು. ಯಾರೂ ಕರೆದಿರಲಿಲ್ಲ.

ಮಾರನೆಯ ದಿನ ಅವಳು ಬರಲಿಲ್ಲ. ಅದರ ಮಾರನೆಯ ದಿನವೂ ಬರಲಿಲ್ಲ. ಸೀತಾ ಇಲ್ಲದ ದಸರಾ ರಜ ಅಂಬುಜಾಳಿಗೆ ಬೇಡವೇ ಬೇಡ. ಕತೆ ಸಪ್ಪೆಯಾಗಿರಬೇಕು ಎಂದುಕೊಂಡು ಅವಳು ಹೋಂವರ್ಕ್ ಬದಿಗಿಟ್ಟು ಆ ಕತ್ತಲೆ ಕೋಣೆಗೆ ಇಪ್ಪತ್ತು ಬಾವಲಿ, ಒಂದು ಅಸ್ಥಿಪಂಜರ ಸೇರಿಸಿದಳು. ಸೀತಾಳ ಮನೆಗೇ ಹೋಗಿ ಈ ಸಂತೋಷದ ಸುದ್ದಿ ಹೇಳಿದಳು.

ಸೀತಾಳ ಮುಖ ಬಿಳಿಚಿಕೊಂಡಿತು. "ನಾನಿನ್ನು ಆಟಕ್ಕೆ ಬರಲ್ಲ ಕಣೇ," ಎಂದವಳೇ ಒಳಗೆ ಹೋಗಿಬಿಟ್ಟಳು.

ಅಂಬುಜಾ ಸಪ್ಪೆ ಮೋರೆ ಹಾಕಿಕೊಂಡು ವಾಪಸು ಬಂದಳು. ಇವತ್ತು ಕತೆ ತಾನು ಹೇಳುತ್ತೇನೆ ಎಂದ ಪದ್ಮನಾಭ. ಅವನ ಕತೆಗೆ ತಲೆಬುಡ ಇರಲಿಲ್ಲ.

"ನಿನ್ನ ಮಹಾರಾಣಿ ನುಗ್ಗೆ ಮರದ ಕೆಳಗೆ ನಿಂತ್ಲು. ಕಂಬಳಿಹುಳ ಒಂದು ಅವಳ ಕತ್ತಿನ ಮೇಲೆ ಬಿತ್ತು. ಮೆತ್ತಗೆ ಫ್ರಾಕ್ ಒಳಗೆ ಇಳೀತಾ ಇದೆ."

ಮಹಾರಾಣಿ ಫ್ರಾಕ್ ಹಾಕುವುದಿಲ್ಲ ಎಂದು ತಿದ್ದುವುದಕ್ಕೂ ಅಂಬುಜಾಳಿಗೆ ಉಸಿರು ಬರಲಿಲ್ಲ. ಅಷ್ಟೊಂದು ರಾಕ್ಷಸರನ್ನು ಸಾಕಿದವಳ ಮುಷ್ಟಿ ತಾನಾಗಿ ತುಟಿಗೆ ಬಂದಿತ್ತು.

ಪದ್ಮನಾಭ ಬಹಳ ಮರ್ಯಾದೆಯಿಂದ ಸೀಮೆಸುಣ್ಣದ ಕಾನೂನನ್ನು ತೋರಿಸಿದ. "ಹುಳ ಇನ್ನೂ ಇಳೀತಾನೇ ಇದೆ."

ಇದು ಬರೀ ಕತೆ ಎಂದು ಅಂಬುಜಾಳಿಗೆ ಗೊತ್ತಿತ್ತು. ಅವಳ ಬೆನ್ನಿಗೆ ಮಾತ್ರ ಗೊತ್ತಿರಲಿಲ್ಲ.

"ನಿಲ್ಸೋ, ಪ್ಲೀಸ್."

"ಯಾಕೆ?"

ಯಾಕೆಂದು ಹೇಳಬೇಕಾದರೆ, ಮೂರನೇ ಕ್ಲಾಸಿನಲ್ಲಿ ಪ್ರೇಯರ್ ಹೊತ್ತಿಗೆ ಕತ್ತಿನ ಮೇಲೆ ಕಂಬಳಿಹುಳ ಬಿದ್ದು ಇಡೀ ಸ್ಕೂಲಿನ ಎದುರು ಕಿರುಚಿ ಕುಣಿದದ್ದನ್ನು ಹೇಳಬೇಕಿತ್ತು. ಅದನ್ನು ಅವಳು ಅಮ್ಮನಿಗೂ ಹೇಳಿರಲಿಲ್ಲ. ಆಗ ಸೀತಾಳ ಮುಷ್ಟಿ ನೆನಪಾಯಿತು. ಸಾಲದ್ದಕ್ಕೆ ತಾನು ಇಪ್ಪತ್ತು ಬಾವಲಿ ಬೇರೆ ಸೇರಿಸಿದ್ದು ನೆನಪಾಗಿ ಕಿವಿ ಬಿಸಿಯಾಯಿತು.

ಅಂಬುಜಾ ಬಕೆಟ್ಟಿನಲ್ಲಿ ನೀರು ತಂದು ಸಂಪಿನ ಮುಚ್ಚಳವನ್ನು ಉಜ್ಜಿ ಉಜ್ಜಿ ತೊಳೆದಳು.

"ಹಂಗಾದ್ರೆ ರಾಕ್ಷಸ ಬಂದಾಗ ನಾನೂ ಟೈಂಪ್ಲೀಸ್ ಅನ್ನಬಹುದಾ?" ಪದ್ಮನಾಭ ಕೇಳಿದ.

ಅಂಬುಜಾ ಹಲ್ಲು ಕಚ್ಚಿಕೊಂಡು, "ಹೂಂ, ನೀನೂ ಅನ್ನು," ಎಂದಳು.

ಆಮೇಲೆ ಹೋಗಿ ಸೀತಾಳನ್ನು ಕರೆತಂದಳು. ಸೀತಾ ಒದ್ದೆ ಮುಚ್ಚಳವನ್ನು ಒಂದು ಗಳಿಗೆ ನೋಡಿ, ಪಕ್ಕದಲ್ಲಿ ಕುಳಿತು ಕವಡೆ ಎತ್ತಿಕೊಂಡಳು.

"ಯಾಕೆ ಅಂತ ಕೇಳಲ್ವಾ?"

ಕೇಳಲು ಅಂಬುಜಾಳ ನಾಲಿಗೆ ತುದಿಯಲ್ಲಿ ಹತ್ತು ಪ್ರಶ್ನೆಗಳಿದ್ದವು. ಅವನ್ನೆಲ್ಲ ಕಷ್ಟಪಟ್ಟು ನುಂಗಿಕೊಂಡಳು. "ಇಲ್ಲ. ರಾಜಕುಮಾರಿ ಈಗ ಎಲ್ಲಿದಾಳೆ ಅಂತ ನೀನೇ ಹೇಳು."

"ಆಚೆ ಬಂದ್ಲು. ಬಿಸಿಲಲ್ಲಿ, ಒಂದು ಮರದ ಕೆಳಗೆ."

ಅಂಬುಜಾಳ ಕೈ ಕತ್ತಿನ ಹಿಂದೆ ಹೋಯಿತು. "ನುಗ್ಗೆ ಮರ ಅಲ್ಲ ತಾನೆ?"

ಸೀತಾ ಅವಳ ಮುಖವನ್ನೇ ನೋಡಿದಳು. ಏನೋ ಕೇಳಲು ಬಾಯಿ ತೆರೆದು, ಹಾಗೇ ಮುಚ್ಚಿಕೊಂಡಳು.

"ಅಲ್ಲ ಕಣೇ. ಮಾವಿನ ಮರ," ಎಂದು ಕವಡೆ ಹಾಕಿದಳು.