ಬೈನಾಕ್ಯುಲರ್ ಮೇಲಿನ ಗುಲಾಬಿ ಚುಕ್ಕೆ

ಧರಣಿ ಕಾವಲಿಯ ಮೇಲೆ ಮೊದಲ ದೋಸೆ ಹುಯ್ದು ಸೌಟು ತಿರುಗಿಸುವಷ್ಟರಲ್ಲಿ ಗೇಟಿನ ಬಳಿ ಕಾರಿನ ಹಾರ್ನ್ ಕೇಳಿಸಿತು. ಬೋಗಾದಿಯ ಆ ಬೀದಿಗೆ ಹಾಲಿನವನೂ ಇನ್ನೂ ಬಂದಿರಲಿಲ್ಲ.

"ಬಂದ್ಬುಟ್ರು ನಿನ್ನ ಹಕ್ಕಿ ಮೇಷ್ಟ್ರು," ಎನ್ನುತ್ತಾ ತಾಯಿ ಪುಟ್ಟಲಿಂಗಮ್ಮ ಸೌಟು ಕಿತ್ತುಕೊಂಡರು. "ಬುಡು ಇತ್ಲಾಗೆ, ದೋಸೆ ನಾನ್ ನೋಡ್ಕತೀನಿ. ಹಕ್ಕಿ ನೋಡಕ್ಕೆ ಎಲ್ಡು ಸಲ ತಲೆ ಬಾಚ್ಕಂಡವ್ಳೆ!"

"ಕೂದ್ಲು ಸಿಕ್ಕಾಗಿತ್ತು ಕಣಮ್ಮ."

"ಆಗಿರ್ತದೆ, ಆಗಿರ್ತದೆ."

ಸ್ಟೀಫನ್ ಒಳಗೆ ಬಂದ. ಹೆಬ್ಬಾಳದ ಕಾರ್ಖಾನೆಯಲ್ಲಿ ಶಿಫ್ಟ್ ಕೆಲಸ. ರಜೆ ಸಿಕ್ಕರೆ ಹಕ್ಕಿ. ಕಳೆದ ವರ್ಷ ಕುಕ್ಕರಹಳ್ಳಿ ಕೆರೆ ಏರಿಯ ಮೇಲೆ ಧರಣಿಯ ಮಗಳು ಹರ್ಷಿತಾ "ಅಂಕಲ್, ನಂಗೂ ತೋರ್ಸಿ" ಎಂದು ಅವನ ಬೈನಾಕ್ಯುಲರ್ ಹಿಡಿದು ಎಳೆದಾಗ ಶುರುವಾದ ಪರಿಚಯ. ಮಗಳು ಹುಟ್ಟಿದ ವರ್ಷವೇ ಗಂಡನನ್ನು ಕಳೆದುಕೊಂಡ ಧರಣಿ ಹೊಲಿಗೆ ಅಂಗಡಿ ನಡೆಸಿಕೊಂಡು ತಲೆಯೆತ್ತಿ ಬದುಕಿದವಳು. ಅವಳಿಗೆ ಯಾರ ಹಂಗೂ ಬೇಕಿರಲಿಲ್ಲ. ಬೇಕೆನಿಸಿದ್ದು ಈ ಭಾನುವಾರಗಳು ಮಾತ್ರ.

"ಬೇಗ ಬಂದ್ಬಿಟ್ಟೆ, ಸಾರಿ ಕಣ್ರೀ," ಎಂದವನ ನೋಟ ಅವಳ ಕೆನ್ನೆಯ ಪಕ್ಕ ಒಂದು ಗಳಿಗೆ ನಿಂತಿತು.

"ಏನ್ ನೋಡ್ತಿದೀರ?"

"ಹಿಟ್ಟು. ಕಿವಿ ಹತ್ರ."

ಅವಳು ಸೆರಗಿನಿಂದ ಒರೆಸಿಕೊಂಡಳು.

"ಆ ಕಿವಿ ಅಲ್ಲ, ಇನ್ನೊಂದು," ಎಂದು ಅವನು ನಕ್ಕ. ಅವಳ ಕಿವಿ ಎರಡೂ ಬಿಸಿಯಾದವು.

ಹರ್ಷಿತಾ ಅಷ್ಟರಲ್ಲೇ ಅವನು ಟೇಬಲ್ ಮೇಲಿಟ್ಟ ಬೈನಾಕ್ಯುಲರ್ ಎತ್ತಿಕೊಂಡಿದ್ದಳು. ಅದರ ಬಲಗಣ್ಣಿನ ಕಡೆ ತಿರುಗುವ ಬಳೆಯೊಂದಿದೆ. ಒಬ್ಬೊಬ್ಬರ ಕಣ್ಣಿಗೆ ಒಂದೊಂದು ಜಾಗ. ಧರಣಿಯ ಬಲಗಣ್ಣು ಕೊಂಚ ಮಂಜು. ಪ್ರತಿ ಸಲ ಅವಳ ಜಾಗ ಹುಡುಕುವುದು ಬೇಡವೆಂದು ಹರ್ಷಿತಾ ಅಲ್ಲೊಂದು ಗುಲಾಬಿ ನೇಲ್ ಪಾಲಿಶ್ ಚುಕ್ಕೆ ಇಟ್ಟಿದ್ದಳು. ಚುಕ್ಕೆ ಬಂದು ಬಳೆಯ ಪಕ್ಕದ ಬಿಳಿ ಗೆರೆಗೆ ಕೂತರೆ ಅಮ್ಮನಿಗೆ ಸ್ಪಷ್ಟ, ಸ್ಟೀಫನ್‌ಗೆ ಮಬ್ಬು.

ಅವಳು ಬಳೆಯನ್ನೂ ಸ್ಟೀಫನ್‌ನನ್ನೂ ಮಿಕಿಮಿಕಿ ನೋಡಿದಳು. "ಅಂಕಲ್, ಒಂದು ಕೇಳ್ಲಾ?"

"ಕಾರಲ್ಲಿ ಕೇಳೇ, ಹೊತ್ತಾಯ್ತು," ಎಂದು ಧರಣಿ ಅವಳನ್ನು ಹೊರಡಿಸಿದಳು.

ಕಾರಿನಲ್ಲಿ ಹುಡುಗಿ ಹುಣಸೂರು ದಾಟುವ ಮೊದಲೇ ನಿದ್ದೆಹೋದಳು.

"ನಾಳೆ ಆಫೀಸಲ್ಲಿ ಹೇಳ್ಬೇಕು," ಎಂದ ಸ್ಟೀಫನ್, ರಸ್ತೆಯಿಂದ ಕಣ್ಣು ತೆಗೆಯದೆ. "ಚೆನ್ನೈಗೆ ಹೋಗ್ತೀನೋ, ಇಲ್ವೋ ಅಂತ."

"ಒಳ್ಳೇ ಪ್ರಮೋಷನ್ ಅಂದ್ರಲ್ಲ."

"ಹೌದು."

"ಅಲ್ಲಿ ಹಕ್ಕಿ ಇಲ್ವಾ?"

"ಬೇಕಾದಷ್ಟಿವೆ. ತೋರ್ಸೋಕೆ ಪಕ್ಕದಲ್ಲಿ ಯಾರಾದ್ರೂ ಬೇಕಲ್ಲ."

ಆ 'ಯಾರಾದ್ರೂ' ಧರಣಿಗೆ ಹಿಡಿಸಲಿಲ್ಲ. ಈ ಬಣ್ಣ ನಿಮಗೊಪ್ಪಲ್ಲ ಎಂದು ಗಿರಾಕಿಗಳ ಮುಖಕ್ಕೇ ಹೇಳುವವಳು ಅವಳು. ಹೋಗಬೇಡಿ ಎನ್ನುವುದು ಕಷ್ಟವೇ? ಆದರೆ ಅವನು ಬರೀ ದಾಕ್ಷಿಣ್ಯಕ್ಕೆ ಉಳಿದುಬಿಟ್ಟರೆ? ತನ್ನೊಳಗಿರುವುದು ಅವನೊಳಗೂ ಇದೆಯೇ, ಅಷ್ಟು ಗೊತ್ತಾಗಬೇಕಿತ್ತು. ಗೊತ್ತಾದರೆ ಬಾಯಿಬಿಟ್ಟು ಹೇಳಲು ಅವಳಿಗೆ ಅಂಜಿಕೆಯಿರಲಿಲ್ಲ.

ಅವರು ಬಂದು ಇಳಿದ ಕೊಡಗಿನಂಚಿನ ಮಳೆಕಾಡಿನೊಳಗೆ ಬಿಸಿಲೇರಿದ ಮೇಲೂ ಮುಂಜಾನೆಯೇ. ಮಳೆ ನಿಂತಿದ್ದರೂ ಎಲೆಯಿಂದ ಎಲೆಗೆ ಹನಿ ಇಳಿಯುತ್ತಿತ್ತು. ಬಳ್ಳಿಗಳು ಮರಗಳನ್ನು ತಬ್ಬಿ ಎತ್ತಲೋ ಏರಿಹೋಗಿದ್ದವು. ಇಲ್ಲಿ ಮಾತಾಡಿದರೆ ಹಕ್ಕಿಯಿಲ್ಲ. ಏನಿದ್ದರೂ ಕಣ್ಣಲ್ಲಿ, ಕೈಯಲ್ಲಿ.

"ಅಂಕಲ್, ಅದೇ ಕೇಳ್ಬೇಕಿತ್ತಲ್ಲ..."

"ಶ್!" ಎಂದರು ಇಬ್ಬರೂ.

ಹರ್ಷಿತಾ ಕೆನ್ನೆ ಉಬ್ಬಿಸಿಕೊಂಡು ನಡೆದಳು. ತುಸು ದೂರ ಹೋಗಿ ಮತ್ತೆ ಬಾಯಿ ತೆರೆದಳು. ಮತ್ತೆ "ಶ್!"

ಸ್ಟೀಫನ್ ತಟ್ಟನೆ ನಿಂತ. ಬೈನಾಕ್ಯುಲರ್ ಏರಿಸಿ ನೋಡಿದ. ಕೊರಳಿನ ಪಟ್ಟಿ ತೆಗೆದು ಧರಣಿಯ ಕೊರಳಿಗೆ ಹಾಕಿದ. ಸಿಕ್ಕಿಕೊಂಡ ಜಡೆಯನ್ನು ಬೆರಳ ತುದಿಯಿಂದ ಮೆಲ್ಲಗೆ ಬಿಡಿಸಿ, ಒಂದು ಅಡ್ಡಕೊಂಬೆಯತ್ತ ಕಣ್ಣಲ್ಲೇ ತೋರಿಸಿದ. ಟ್ರೋಗನ್ ಎಂಬ ಕಾಡುಹಕ್ಕಿ. ಬೆನ್ನು ಹಾಕಿ ಕೂತಿದೆ, ಮಣ್ಣಿನ ಬಣ್ಣ.

ಧರಣಿ ಅಭ್ಯಾಸಬಲದಿಂದ ಬಳೆ ತಿರುಗಿಸಲು ಬೆರಳಿಟ್ಟಳು. ತಿರುಗಿಸಬೇಕಾಗಲಿಲ್ಲ. ಒಂದೊಂದು ಗರಿಯೂ ಎಣಿಸುವಂತಿತ್ತು.

ಈಗಷ್ಟೇ ಅವನು ನೋಡಿದ್ದಲ್ಲವೇ ಇದರಲ್ಲಿ?

ಬೈನಾಕ್ಯುಲರ್ ಇಳಿಸಿದಳು. ಗುಲಾಬಿ ಚುಕ್ಕೆ ಗೆರೆಯ ಮೇಲೇ ಕೂತಿತ್ತು. ದಸರಾ ಬಟ್ಟೆಗಳ ಗಡಿಬಿಡಿಯಲ್ಲಿ ಅವಳು ಅದನ್ನು ಮುಟ್ಟಿ ತಿಂಗಳಾಗಿತ್ತು. ಆ ತಿಂಗಳೆಲ್ಲ ಅದನ್ನು ಹಿಡಿದು ಕೆರೆ ಸುತ್ತಿದವನು ಅವನೊಬ್ಬನೇ. ಒಂದು ಕಣ್ಣಿಗೆ ಮಬ್ಬು ಕಟ್ಟಿಕೊಂಡು.

ಅವನತ್ತ ನೋಡಿದಳು. ಅವನು ಮರದ ತೊಗಟೆಯಲ್ಲಿ ಏನನ್ನೋ ಹುಡುಕುವವನಂತೆ ಮುಖ ತಿರುಗಿಸಿದ್ದ. ಅದೇ ಹೊತ್ತಿಗೆ ಕೊಂಬೆಯ ಹಕ್ಕಿ ಇತ್ತ ತಿರುಗಿತು. ಎದೆಯಡಿಯಿಂದ ಬಾಲದವರೆಗೂ ಕೆಂಪೋ ಕೆಂಪು. ಸ್ಟೀಫನ್‌ನ ಕಿವಿಯೂ ಹೆಚ್ಚುಕಮ್ಮಿ ಅದೇ ಬಣ್ಣಕ್ಕೆ ಬಂದಿತ್ತು.

"ಕಾಣ್ತಾ?" ಎಂದ ಪಿಸುಮಾತಿನಲ್ಲಿ.

"ಚೆನ್ನಾಗಿ ಕಾಣ್ತು." ಧರಣಿ ಅವನ ತೋಳಿನ ಮೇಲೆ ಕೈಯಿಟ್ಟಳು, ತೆಗೆಯಲಿಲ್ಲ. "ನಾಳೆ ಆಫೀಸಲ್ಲಿ ಹೋಗಲ್ಲ ಅಂತ ಹೇಳ್ಬಿಡಿ."

ಅವನು ಆ ಕೈಯನ್ನು ನೋಡಿದ, ಅವಳನ್ನು ನೋಡಿದ. ಮೊಗದಲ್ಲಿ ನಗು ಮೆಲ್ಲನೆ ಏರಿತು. "ಕಾರಣ ಕೇಳ್ತಾರಲ್ಲ. ಏನಂತ ಹೇಳ್ಲಿ?"

ಹರ್ಷಿತಾಳ ತಾಳ್ಮೆ ಅಲ್ಲಿಗೆ ಮುಗಿಯಿತು. ಕೊಂಬೆಯ ಹಕ್ಕಿ ಬೆದರಿ ಹಾರುವಷ್ಟು ಗಟ್ಟಿಯಾಗಿ, ಕಾಡಿಗೆಲ್ಲ ಕೇಳುವ ಹಾಗೆ ಅವಳು ಕೇಳಿಯೇಬಿಟ್ಟಳು:

"ಅಂಕಲ್, ನೀವೊಬ್ರೇ ನೋಡುವಾಗ್ಲೂ ಇದನ್ನ ಯಾಕೆ ಅಮ್ಮನ ಕಣ್ಣಿಗೇ ಇಟ್ಕೊಂಡಿರ್ತೀರ?"